ಬಡಿದು ಕೂರಿಸಿದ ಚೇಂಬರ್

ಬಿಡಿಭಾಗಗಳ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ಅಕ್ಕನ ಕೈಯಲ್ಲಿ ಅಳತೆ ಬರೆದ ಚೀಟಿಯಿತ್ತು.

“ಬೇರೆ ಗಾಡಿ ಎಂಜಿನ್ ಹಾಕಿದೀವಿ, ಅದರ ಕೆಳಗಿರೋ ಆಯಿಲ್ ಚೇಂಬರ್ ನಮ್ಮ ಕಾರಿನ ಅಡ್ಡಪಟ್ಟಿಗೆ ತಾಗ್ತಿದೆ ಅಂತ ಅಂಗಡಿಯವರಿಗೆ ಹೇಳು. ಆಯಿಲ್ ನಿಲ್ಲೋ ಗುಂಡಿ ಹಿಂದಕ್ಕಿರೋ ಚೇಂಬರ್ ಕೇಳು, ಆಯಿಲ್ ಹೀರೋ ಪೈಪ್ ಸಮೇತ.”

“ಅಕ್ಕ, ಬೈಬೇಡ. ಇರೋದನ್ನೇ ಕೂರಿಸ್ಬಿಟ್ಟೆ.”

“ಹೇಗೋ ಕೂರಿಸ್ದೆ?”

“ತಳ ಬಡಿದು ಸ್ವಲ್ಪ ಒಳಕ್ಕೆ ತಳ್ಳಿದೆ. ಎರಡು ಬೆರಳಷ್ಟು, ಅಷ್ಟೇ.”

“ಒಳಗೆ ಆಯಿಲ್ ಹೀರೋ ಪೈಪು?”

“ಅದು ಇದ್ದಲ್ಲೇ ಇದೆ.”

“ತಳಕ್ಕೆ ಒತ್ಕೊಂಡಿದ್ರೆ ಅದು ಏನನ್ನ ಹೀರುತ್ತೋ? ಬಿಚ್ಚಿ ನೋಡಿದ್ಯಾ?”

“ನೋಡ್ಲಿಲ್ಲ. ಶೆಡ್ಡಲ್ಲಿ ಹತ್ತು ನಿಮಿಷ ಚೆನ್ನಾಗೇ ಓಡ್ತು.”

“ನಿಂತಲ್ಲಿ ಓಡೋದು ಬೇರೆ, ದಿಬ್ಬ ಹತ್ತೋದು ಬೇರೆ ಕಣೋ. ಆಯಿಲ್ ಸಿಗದೆ ಎಂಜಿನ್ ಹಿಡ್ಕೊಂಡ್ರೆ ಗಾಡಿ ನಡುರಸ್ತೇಲಿ ನಿಂತುಬಿಡುತ್ತೆ. ಪುಣ್ಯಕ್ಕೆ ಶೆಡ್ಡಲ್ಲೇ ಇದೆ.”

ತಮ್ಮ ಅಕ್ಕನ ಕೈಯಲ್ಲಿದ್ದ ಚೀಟಿಯನ್ನೇ ನೋಡತೊಡಗಿದ.

“ಇದೆ ತಾನೇ?”

“ಅಪ್ಪ ತಗೊಂಡು ಹೋದ್ರು. ಅಮ್ಮನ್ನ ಆಸ್ಪತ್ರೆಯಿಂದ ಕರ್ಕೊಂಡು ಬರೋಕೆ.”

“ಆ ಘಾಟಿ ದಾರೀಲಾ?”

“ಧೈರ್ಯವಾಗಿ ಹೋಗಿ ಅಂತ ನಾನೇ ಕಳಿಸ್ದೆ.”

ಅಕ್ಕ ಫೋನ್ ಕಿವಿಗಿಟ್ಟುಕೊಂಡಳು. ರಿಂಗಾಗುವುದು ನನಗೂ ಕೇಳುತ್ತಿತ್ತು. ನಿಂತಿತು. ಮತ್ತೆ ಮಾಡಿದಳು.

“ಎತ್ತಲ್ಲ ಕಣೋ ಅವರು.”

“ಯಾಕೆ?”

“ಗಾಡಿ ಓಡಿಸುವಾಗ ಯಾರ ಫೋನೂ ಎತ್ತಬೇಡಿ ಅಂತ ನಾನೇ ಆಣೆ ಮಾಡಿಸ್ಕೊಂಡಿದೀನಿ.”

“ಮುಂದಿನವರು ಬನ್ನಿ” ಎಂದರು ಅಂಗಡಿಯವರು. ಅಕ್ಕ, ತಮ್ಮ ಆಗಲೇ ಬಾಗಿಲು ದಾಟಿ ಓಡುತ್ತಿದ್ದರು.