ಇದೋ ನೋ ಇಕಿ

ಶರಣ್ಯಾಳಿಗೆ ಆ ಸಂಜೆ ಹಿಡಿದದ್ದು ಡೀಸೆಲ್ ಹೊಗೆ. ಎಲ್ಲರೂ ನಂಬಿದ್ದು ಅದನ್ನೇ. ಡಾಕ್ಟರು ನಂಬಿದರು, ಜಪಾನಿನ ಗ್ಯೋಟೋಕುವಿನಲ್ಲಿರುವ ಕನ್ನಡದವರ ವಾಟ್ಸಾಪ್ ಗುಂಪು ನಂಬಿತು. ಮೊದಲು ಹಾಗೆಂದು ಹೇಳಿದವನು ನಾನೇ.

ದೀಪ ಸಣ್ಣ ಮಾಡಿ ಕೂತಿದ್ದೀರಿ. ನನಗೆ ದೆವ್ವಗಳಲ್ಲಿ ನಂಬಿಕೆಯಿಲ್ಲ, ಹೆದರಿಸಿ ಹೇಳುವ ಕಲೆಯೂ ಇಲ್ಲ. ನನ್ನ ಚಿಕ್ಕಪ್ಪನ ಮಗ ಸುಪ್ರೀತನಿಗೂ ಅವನ ಹೆಂಡತಿ ಶರಣ್ಯಾಳಿಗೂ ಏನಾಯಿತೋ ಅಷ್ಟನ್ನು ಹೇಳುತ್ತೇನೆ. 2021ರ ಅಕ್ಟೋಬರ್.

ಆ ಕಾಲದಲ್ಲಿ ಮನೆಯಲ್ಲಿ ಕೂತು ಕೆಲವರು ಬ್ರೆಡ್ ಮಾಡುವುದು ಕಲಿತರು, ಕೆಲವರು ಗಿಟಾರ್. ಸುಪ್ರೀತ್ ಸಾಫ್ಟ್‌ವೇರಿನವನು; ಹಳೆಯ ಡೀಸೆಲ್ ಪಿಕಪ್ ಕೊಂಡ. ಗ್ಯೋಟೋಕುವಿನ ಅಪಾರ್ಟ್‌ಮೆಂಟಿನಲ್ಲಿ ಸೈಕಲ್ ನಿಲ್ಲಿಸಲೂ ಅರ್ಜಿ ಹಾಕಬೇಕು. ಹಾಗಾಗಿ ಇಚಿಕಾವಾದ ಉತ್ತರದ ತುದಿಯಲ್ಲಿ, ನಾಶಿ ಹಣ್ಣಿನ ತೋಟಗಳ ನಡುವೆ, ಓಗುರಿ ಸಾನ್ ಎಂಬ ಮುದುಕಿಯ ಶೆಡ್ಡು ಬಾಡಿಗೆಗೆ ಹಿಡಿದ. ಯೂಟ್ಯೂಬ್ ನೋಡಿಕೊಂಡು ಗಾಡಿಗೆ ದೊಡ್ಡ ಟರ್ಬೋ ಕೂರಿಸುತ್ತಿದ್ದ. ಟರ್ಬೋ ಎಂದರೆ ಒಂದು ಪುಟ್ಟ ಫ್ಯಾನು. ಇಂಜಿನ್ ಬಿಟ್ಟ ಹೊಗೆ ಅದನ್ನು ತಿರುಗಿಸುತ್ತದೆ, ಅದು ಇಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುತ್ತದೆ. ಜೋರಾಗಿ ತಿರುಗಿದರೆ ಶಿಳ್ಳೆ ಹೊಡೆಯುತ್ತದೆ. ಗಂಡಸರಿಗೆ ಬೇಕಾಗಿರುವುದು ಆ ಶಿಳ್ಳೆ.

ಶರಣ್ಯಾಳಿಗೆ ಆಗಸ್ಟ್‌ನಲ್ಲಿ ಕೋವಿಡ್ ಆಗಿತ್ತು. ಆಸ್ಪತ್ರೆಯಲ್ಲಿ ಜಾಗ ಸಿಗಲಿಲ್ಲ. ಅವಳ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ನೋಡುತ್ತ ಸುಪ್ರೀತ್ ಎಷ್ಟೋ ರಾತ್ರಿ ಕಳೆದಿದ್ದ. ವಾಸಿಯಾದ ಮೇಲೂ ಅವನು ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಅವಳ ಉಸಿರು ಒಂದು ಸಲ ಕೈತಪ್ಪಿ ಹೋಗುವುದರಲ್ಲಿತ್ತು. ಆ ಭಯ ಇನ್ನೂ ಇಳಿದಿರಲಿಲ್ಲ.

ಆ ದಿನ ಇಬ್ಬರೂ ನಿಲ್ದಾಣದಿಂದ ನಡೆದು ಬರುವಾಗಲೇ ಕತ್ತಲು. ತೋಟಗಳ ಮೇಲೆ ಹಕ್ಕಿಗಳು ಬರದಂತೆ ಹೊದಿಸಿದ ಬಲೆ... ಗಾಳಿಗೆ ಸರ್... ಸರ್... ಎನ್ನುತ್ತಿತ್ತು. ದೂರದಲ್ಲಿ ಪಾನೀಯ ಮಾರುವ ಮಶೀನಿನ ಗುಂಯ್‌ಗುಡುವಿಕೆ. ಬೇರೇನೂ ಇಲ್ಲ.

ಶೆಡ್ಡಿನ ಬಾಗಿಲ ಪಕ್ಕ ಒಂದು ಕಾಂಕ್ರೀಟ್ ಚಪ್ಪಡಿ. ಅದರ ನಡುವೆ ಮೊಣಕಾಲೆತ್ತರಕ್ಕೆ ಎದ್ದ ಬೂದು ಬಣ್ಣದ ಪೈಪು. ಶರಣ್ಯಾ ಸುಮ್ಮನೆ ಅದರ ಬಾಯಿಗೆ ಅಂಗೈ ಹಿಡಿದಳು.

"ರೀ... ಇದ್ರಾಗಿಂದ ಗಾಳಿ ಬರ್ತದ."

"ಎಲ್ಲಾ ಪೈಪಲ್ಲೂ ಬರತ್ತೆ."

ಓಗುರಿ ಸಾನ್ ಗೇಟಿನ ಹತ್ತಿರ ನಿಂತಿದ್ದರು. ಮಾಸ್ಕ್ ಕಣ್ಣಿನ ತನಕ. ಸುಪ್ರೀತ್ ಪೈಪಿನತ್ತ ಬೆರಳು ಮಾಡಿದ. "ಸುಮಿಮಾಸೆನ್, ಕೊರೆ ವಾ ನಾನ್ ದೆಸು ಕಾ?" ಇದೇನು ಎಂದು.

ಆ ವರ್ಷ ಎಲ್ಲ ಮುದುಕರೂ ಪಿಸುಗುಟ್ಟುತ್ತಿದ್ದರು, ವೈರಸ್ಸಿಗೆ ಕಿವಿಯಿದೆ ಎಂಬಂತೆ. ಅವರೂ ಪಿಸುಗುಟ್ಟಿದರು.

"ಇದೋ ನೋ ಇಕಿ."

ತಲೆಬಾಗಿ ಹೊರಟುಹೋದರು. ಬಾಗಿದ್ದು ಇವರಿಗಲ್ಲ, ಪೈಪಿಗೆ. ಅದು ಇಬ್ಬರಿಗೂ ಹೊಳೆಯಲಿಲ್ಲ.

ಶರಣ್ಯಾ ಧಾರವಾಡದವಳು. ಬಿದ್ದು ಬಿದ್ದು ನಕ್ಕಳು. "ಅಜ್ಜಿಗೆ ಕನ್ನಡ ಬರ್ತದ! 'ಇದೋ ನೋಡು, ಈಕಿ' ಅಂತ ನನ್ನ ತೋರಿಸಿದ್ಲು!"

"ಇಕಿ ಅಂದ್ರೆ ಹೋಗೋದು ಕಣೆ. ಟ್ರೇನ್ ಬೋರ್ಡಲ್ಲಿ ಮಿತಾಕಾ-ಇಕಿ ಅಂತ ಇರಲ್ವಾ? ಇದೂ ಎಲ್ಲಿಗೋ ಹೋಗೋ ಪೈಪು. ಹಳೇ ಡ್ರೈನೇಜ್."

"ನಿಮ್ಮ ಜಪಾನೀಸು ಸ್ಟೇಷನ್ ಬಿಟ್ಟು ಹೊರಗ ಬರೂದೇ ಇಲ್ಲ."

ಕೆಲಸ ಒಂದೇ ಬಾಕಿಯಿತ್ತು. ಏರ್ ಫಿಲ್ಟರಿನಿಂದ ಹೊಸ ಟರ್ಬೋದ ಬಾಯಿಗೆ ಗಾಳಿ ಒಯ್ಯುವ ಪೈಪು. ಹಳೆಯದು ಸಣ್ಣದಾಗಿತ್ತು. ಸುಪ್ರೀತ್ ಹೊರಗೆ ಬಂದು ಬೂದು ಪೈಪಿಗೆ ಟೇಪ್ ಹಿಡಿದು ಅಳೆದ. ಸರಿಯಾದ ಅಳತೆ.

"ಬ್ಯಾಡ್ರೀ, ಕೇಳ್ದಂಗ..."

"ನಾಳೆ ಹೋಮ್ ಸೆಂಟರಿಂದ ಹೊಸದು ತಂದು ಅಂಟಿಸ್ತೀನಿ. ಅಜ್ಜಿಗೆ ಗೊತ್ತೂ ಆಗಲ್ಲ."

ಗರಗಸ. ಕರ್... ಕರ್... ಕರ್... ಒಂದು ಗೇಣು ತುಂಡು ಕೈಗೆ ಬಂತು. ನಲ್ಲಿಯಲ್ಲಿ ತೊಳೆದು, ಒಂದು ತುದಿಗೆ ಕಣ್ಣಿಟ್ಟು ಇನ್ನೊಂದು ತುದಿಯಿಂದ ಹೆಂಡತಿಯನ್ನು ನೋಡಿದ. ಅವಳು ನಾಲಿಗೆ ಚಾಚಿದಳು. ಉಳಿದ ಮೋಟು ಪೈಪಿನ ಬಾಯಿಗೆ ಕೊಂಬಿನಿ ಅಂಗಡಿಯ ಪ್ಲಾಸ್ಟಿಕ್ ಕವರ್ ಮುಚ್ಚಿ, ಸುತ್ತ ಬಿಗಿಯಾಗಿ ಟೇಪ್ ಹೊಡೆದ. ನಮ್ಮವರಿಗೆ ತೆರೆದ ಪೈಪು ಕಂಡರೆ ಸೊಳ್ಳೆ, ಡೆಂಗ್ಯೂ ನೆನಪಾಗುತ್ತದೆ. ಒಳ್ಳೆಯ ಅಭ್ಯಾಸ.

ತುಂಡನ್ನು ಕೂರಿಸಿ ಎರಡು ಕಡೆ ಕ್ಲಾಂಪ್ ಬಿಗಿದ. ಸದ್ದು ಹೊರಗೆ ಹೋಗದಿರಲೆಂದು ಶಟರ್ ಅರ್ಧ ಎಳೆದ. ಶರಣ್ಯಾ ಡ್ರೈವರ್ ಸೀಟಿನಲ್ಲಿ. ಅವನು ಬಾನೆಟ್ ಕೆಳಗೆ ಕಿವಿಯಿಟ್ಟು ನಿಂತ.

ಮೊದಲ ಸಲಕ್ಕೇ ಹತ್ತಿತು. ಗಡ ಗಡ ಗಡ...

"ಒತ್ತು."

ಸೂಂ... ಈಈಈ... ಸಣ್ಣ, ಶುದ್ಧ ಶಿಳ್ಳೆ. ಸುಪ್ರೀತನ ಮುಖ ಅರಳಿತು.

"ಬಿಡು."

ಇಂಜಿನ್ ಇಳಿಯಿತು. ಶಿಳ್ಳೆ ಇಳಿಯಲಿಲ್ಲ.

"ಬಿಡು ಅಂದೆ."

"ಬಿಟ್ಟೀನ್ರಿ."

"ಕೀ ಆಫ್ ಮಾಡು."

ಕಟಕ್. ಗಡಗಡ ನಿಂತಿತು. ಬಿಸಿ ಕಬ್ಬಿಣ ಟಿಕ್... ಟಿಕ್... ಎಂದು ತಣ್ಣಗಾಗತೊಡಗಿತು. ಇಂಜಿನ್ ನಿಂತ ಮೇಲೂ ಟರ್ಬೋ ಸ್ವಲ್ಪ ಹೊತ್ತು ತಿರುಗುತ್ತದೆ, ನಿಜ. ಆದರೆ ಶಿಳ್ಳೆ ಕುಗ್ಗುತ್ತ ಹೋಗಬೇಕು. ಇದು ಏರಿತು. ಒಂದು ಕ್ಷಣ ತಡೆಯಿತು... ಇಳಿಯಿತು. ಮತ್ತೆ ಏರಿತು. ಯಂತ್ರ ಹಾಗೆ ಸದ್ದು ಮಾಡುವುದಿಲ್ಲ. ಮಲಗಿದವರು ಮಾಡುತ್ತಾರೆ.

"ರೀ..." ಕ್ಯಾಬಿನಿಂದ ಪಿಸುಮಾತು. "ಉಸಿರು... ಬರವಲ್ದು."

ಅವಳನ್ನು ಎಳೆದು, ಶಟರ್ ಕೆಳಗಿನಿಂದ ನುಗ್ಗಿಸಿ ಹೊರಗೆ ತಂದ. ಮಾಸ್ಕ್ ಕಿತ್ತ. ಅವಳ ಬಾಯಿ ತೆರೆದಿತ್ತು. ಸುತ್ತ ಬೇಕಾದಷ್ಟು ಗಾಳಿ, ಬಲೆಗಳು ಸರ್... ಸರ್... ಎನ್ನುತ್ತಿದ್ದವು. ಒಳಗೆ ಶಿಳ್ಳೆ ಏರಿದಾಗಲೆಲ್ಲ ಇಲ್ಲಿ ಅವಳ ಎದೆ ಒಳಕ್ಕೆ ಕುಸಿಯುತ್ತಿತ್ತು. ಯಾರೋ ಆ ಕಡೆಯಿಂದ ಹೀರುತ್ತಿರುವ ಹಾಗೆ.

ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿದ. ತೊಂಬತ್ತೊಂದು. ಶಿಳ್ಳೆ. ಎಂಬತ್ತನಾಲ್ಕು. ಶಿಳ್ಳೆ. ಎಪ್ಪತ್ತಾರು.

"ಉಸಿರು ತಗೊಳ್ಳೇ! ಶರಣೂ, ತಗೋ... ತಗೋ!"

ಅವಳ ತುಟಿ ನೀಲಿಗೆ ತಿರುಗಿತ್ತು. ಕಣ್ಣು ಮಾತ್ರ ಅವನ ಮೇಲೆ.

ಚಪ್ಪಲಿ ಸದ್ದು. ಪಟ ಪಟ ಪಟ. ಓಗುರಿ ಸಾನ್ ಓಡಿ ಬಂದರು. ಮಾಸ್ಕ್ ಇರಲಿಲ್ಲ. ಮೋಟಾದ ಪೈಪನ್ನು ಕಂಡದ್ದೇ ಕಿರುಚಿದರು. "ಇಕಿ! ಇಕಿ ಗಾ!" ಸುಪ್ರೀತ್, ಹೋಗು ಎನ್ನುತ್ತಿದ್ದಾರೆ ಎಂದುಕೊಂಡ. ಎಲ್ಲಿಗೆ ಹೋಗುವುದು? "ಕ್ಯೂಕ್ಯೂಶಾ! ಆಂಬ್ಯುಲೆನ್ಸ್!" ಎಂದು ಅವನೂ ಕಿರುಚಿದ. ಮುದುಕಿ ಕಾಂಕ್ರೀಟಿನ ಮೇಲೆ ಮಂಡಿಯೂರಿ, ಉಗುರಿನಿಂದ ಟೇಪ್ ಕಿತ್ತರು. ಚರ್ರ್... ಪ್ಲಾಸ್ಟಿಕ್ ಕವರ್ ಒಳಕ್ಕೆ ಜಗ್ಗಿಕೊಂಡಿತ್ತು, ಬರಲಿಲ್ಲ. ಎರಡೂ ಕೈಯಿಂದ ಎಳೆದರು.

ಹ್ಹಾ......

ಉದ್ದವಾದ ಉಸಿರು. ಪೈಪಿನಿಂದ ಬಂತೋ ಶರಣ್ಯಾಳ ಬಾಯಿಂದ ಬಂತೋ, ಸುಪ್ರೀತ್ ಇಂದಿಗೂ ಹೇಳಲಾರ. ಶೆಡ್ಡಿನಲ್ಲಿ ಶಿಳ್ಳೆ ಕುಗ್ಗಿ, ಕುಗ್ಗಿ... ನಿಂತಿತು.

ಆಸ್ಪತ್ರೆಯಿಂದಲೇ ನನಗೆ ಫೋನ್ ಮಾಡಿದ. ಅವಳು ಉಳಿದಿದ್ದಳು. ಎಲ್ಲ ಕೇಳಿದ ಮೇಲೆ ನಾನು ಅರ್ಥ ಹೇಳಿದೆ: ಇದೋ ಎಂದರೆ ಬಾವಿ. ಈ ಇಕಿ ಬೇರೆ. ಇದಕ್ಕೆ ಉಸಿರು ಎಂದರ್ಥ. ಇಲ್ಲಿ ಬಾವಿ ಮುಚ್ಚಿದರೆ ಅದು ಉಸಿರಾಡಲಿ ಎಂದು ಒಂದು ಪೈಪು ಬಿಡುತ್ತಾರೆ. ಹಳೆಯ ಪದ್ಧತಿ.



"ನಾನು ಅದನ್ನ ಮುಚ್ಚಿಬಿಟ್ಟಿದ್ದೆ, ಜಯಂತಣ್ಣ."

"ನೀನು ಶಟರ್ ಮುಚ್ಚಿ ಹೆಂಡತಿಗೆ ಡೀಸೆಲ್ ಹೊಗೆ ಕುಡಿಸಿದ್ದೆ. ಈಗಷ್ಟೇ ಕೋವಿಡ್‌ನಿಂದ ಎದ್ದ ಶ್ವಾಸಕೋಶ. ಹೊರಗಿನ ಗಾಳಿಗೆ ಸುಧಾರಿಸಿಕೊಂಡಳು. ತಣ್ಣಗಾದ ಬೆರಳಿನಲ್ಲಿ ಆ ಮಶೀನು ಏನು ಬೇಕಾದರೂ ತೋರಿಸುತ್ತದೆ. ಶಿಳ್ಳೆ ಅಂದ್ರೆ ಬೇರಿಂಗು. ಮುಗೀತು."

ಮುಗಿಯಲಿಲ್ಲ. ಮನೆಗೆ ಬಂದ ಮೇಲೆ ಶರಣ್ಯಾ ಕಣ್ಣು ಮುಚ್ಚಲು ಒಪ್ಪಲಿಲ್ಲ. ನಿದ್ದೆ ಬಂದರೆ ಉಸಿರು ಹೋಗುತ್ತದೆ ಎನ್ನುತ್ತಿದ್ದಳು. ಗೋಡೆಗೆ ಒರಗಿ ಕೂತೇ ರಾತ್ರಿಗಳು ಕಳೆದವು. ಕೊನೆಗೆ ನನಗೇ ಫೋನ್ ಮಾಡಿದಳು.

"ಭಾವ, ನೀವರ ಹೋಗಿ ನೋಡ್ರಿ. ಹೊಗಿನ ಅಂತ ಕಣ್ಣಾರೆ ಕಂಡು ಹೇಳ್ರಿ. ನೀವು ಹೇಳಿದ್ರ ನಾ ಮಲಗ್ತೀನಿ."

ನಾನಿರುವ ವಾಕೋದಿಂದ ಹೋದೆ. ಹಗಲು, ಒಳ್ಳೆಯ ಬಿಸಿಲು. ಶೆಡ್ಡಿಗೆ ಅಂದಿನಿಂದ ಯಾರೂ ಕಾಲಿಟ್ಟಿರಲಿಲ್ಲ; ಬೀಗ ತೆಗೆದವನು ನಾನು. ಆ ಇಂಜಿನ್ನಿಗೆ ಗಾಳಿ ಹೋಗಲು ಇದ್ದದ್ದು ಒಂದೇ ದಾರಿ, ಸುಪ್ರೀತ್ ಕತ್ತರಿಸಿ ತಂದ ಆ ತುಂಡು. ಗಾಳಿಯಿಲ್ಲದೆ ಡೀಸೆಲ್ ಇಂಜಿನ್ ಹತ್ತುವುದಿಲ್ಲ. ಹತ್ತದ ಇಂಜಿನ್ ಹೊಗೆ ಬಿಡುವುದಿಲ್ಲ. ಇದು ದೆವ್ವದ ಮಾತಲ್ಲ, ಯಾರನ್ನು ಬೇಕಾದರೂ ಕೇಳಿ. ಎರಡೂ ಕ್ಲಾಂಪ್ ಬಿಗಿಯಾಗಿದ್ದವು. ನಾನೇ, ನನ್ನ ಕೈಯಿಂದ ಬಿಚ್ಚಿದೆ.

ತುಂಡಿನೊಳಗೆ, ಈ ತುದಿಯಿಂದ ಆ ತುದಿಯವರೆಗೆ, ಒದ್ದೆ ಜೇಡಿಮಣ್ಣು ಗಟ್ಟಿಯಾಗಿ ತುಂಬಿತ್ತು.