ಸಾಲಿನಲ್ಲಿ ನಿಮ್ಮ ಎಡಗಡೆ

ಅಯ್ಯೋ, ನಿಲ್ಲಿ ಅಣ್ಣ, ಹೊರಟುಬಿಡ್ಬೇಡಿ! ಜೆರಾಕ್ಸ್ ಮಷೀನು ಬಿಸಿಯಾಗೋಕೆ ಎರಡು ನಿಮಿಷ ಬೇಕು. ಜೈಲಿನ ಬಿಡುಗಡೆ ಪತ್ರ ಅಲ್ವಾ, ಮಸಿಮಸಿಯಾಗಿ ಬಂದ್ರೆ ನಿಮ್ಮ ಹಳೇ ಪ್ರೆಸ್ಸಿನ ಮಾಲೀಕರು ಕೆಲಸ ಕೊಡ್ತಾರಾ? ಕೂತ್ಕೊಳ್ಳಿ. ನನ್ನ ಗುರುತು ಸಿಕ್ತಾ? ಎರಡು ವರ್ಷದ ಹಿಂದೆ, ಎದುರಿಗಿರೋ ಇದೇ ಪೊಲೀಸ್ ಸ್ಟೇಷನ್‌ನಲ್ಲಿ, ಸಾಕ್ಷಿ ಬಂದು ಕಳ್ಳನ ಗುರುತು ಹಿಡೀಲಿ ಅಂತ ಆರು ಜನ ಸಾಲಾಗಿ ನಿಂತಿದ್ವಲ್ಲ... ನಿಮ್ಮ ಎಡಗಡೆ ನಿಂತಿದ್ದೋನು ನಾನೇ!

ಯಾಕೆ ಹಾಗೆ ನೋಡ್ತೀರಾ? ನಾನು ಆರೋಪಿ ಅಲ್ಲಪ್ಪಾ, ಲೆಕ್ಕಕ್ಕೆ ನಿಂತೋನು. ಒಬ್ಬ ಆರೋಪಿ ಜೊತೆ ಐದು ಜನ ಬೇರೆಯವರು ನಿಲ್ಬೇಕಂತೆ. ಜನ ಕಮ್ಮಿ ಬಿದ್ರೆ ಕಾನ್‌ಸ್ಟೇಬಲ್ ಅಲ್ಲಿಂದಲೇ ಕೂಗೋರು, 'ಏಯ್ ಜೆರಾಕ್ಸ್, ಬಾರೋ!' ನಾನು ಮದುವೆ ಗಂಡಿನ ಥರ ತಲೆ ಬಾಚ್ಕೊಂಡು ಓಡೋನು! ನನ್ನ ಮುಖಾನೋ, ಏನ್ ಹೇಳ್ಲಿ... ಅದಕ್ಕೆ ಮುಂಚೆ ನಾಲ್ಕು ಸಲ ನಿಂತಿದ್ದೆ, ಮೂರು ಸಲ ಸಾಕ್ಷಿಗಳು ನನ್ನನ್ನೇ ತೋರಿಸಿದ್ರು! ಸೈಕಲ್ ಕದ್ದೋನು ಇವನೇ, ಕೋಳಿ ಕದ್ದೋನು ಇವನೇ... ನಮ್ಮಮ್ಮನೇ ಅಂತಾಳೆ, 'ನಿನ್ನ ನೋಡಿದ್ರೆ ನನಗೇ ಬೀರುಗೆ ಬೀಗ ಹಾಕೋಣ ಅನ್ಸತ್ತೆ' ಅಂತ. ನಗಿ ಅಣ್ಣ! ನಗಲ್ವಾ?

ಅವತ್ತು ಆ ಅಜ್ಜಿ... ಚೀಲ ಕಳ್ಕೊಂಡೋರು... ನನ್ನ ಮುಂದೆ ಎಷ್ಟೊತ್ತು ನಿಂತ್ರು! ನನಗೆ ಅಭ್ಯಾಸ ಆಗಿತ್ತಲ್ಲ, ಎದೆ ಸೆಟೆಸಿ ಹಲ್ಲು ಕಿಸಿದೆ. 'ಈ ಹುಡುಗ ಅಲ್ಲ, ನಗ್ತಿದಾನೆ' ಅಂದ್ರು. ನೀವು ಪಾಪ, ಮೊದಲ ಸಲ. ಬೆವರ್ತಿದ್ರಿ. ಮೊಣಕಾಲು ಗಡಗಡ. ಬೆರಳು ಸೀದಾ ನಿಮ್ಮ ಕಡೆ... ನಡುಗಿದ್ದಕ್ಕೆ ಎರಡು ವರ್ಷ ಅಣ್ಣ! ನಡುಗಿದ್ದಕ್ಕೆ!

ನನಗೂ ಜೀವ ಬಾಯಿಗೆ ಬಂದಿತ್ತು ಬಿಡಿ. ಅಜ್ಜಿ ಇನ್ನೊಂದು ಸಲ ನೋಡಿದ್ರೆ ಗುರುತು ಹಿಡಿದುಬಿಡೋರು... ಅಂದ್ರೆ, ತಪ್ಪಾಗಿ! ಮೊದಲಿನ ಥರ. ಆ ಚೀಲದಲ್ಲಿ ಇದ್ದಿದ್ದಾದ್ರೂ ಏನು ಮಹಾ... ಒಂದು ಕನ್ನಡಕ, ಅರ್ಧ ಹೆಣೆದ ಸ್ವೆಟರು... ಪೇಪರ್‌ನಲ್ಲಿ ಬಂದಿತ್ತು. ತಲೆ ಅಲ್ಲಾಡಿಸ್ತೀರಾ, ಬಂದಿರ್ಲಿಲ್ವಾ? ಹಾಗಾದ್ರೆ ಯಾರೋ ಹೇಳಿರ್ಬೇಕು...

ನೀವು ಏನೂ ಕೇಳೇ ಇಲ್ಲ ಅಲ್ವಾ. ಪ್ರೆಸ್ಸಿನ ಕೆಲಸಕ್ಕೆ ಒಂದು ಕಾಪಿ ಬೇಕು ಅಂದಿದ್ದಷ್ಟೇ. ನಾನೇ ಒದರ್ತಿದೀನಿ.

ಬೈದುಬಿಡಿ ಅಣ್ಣ... ಬೇಕಾದ್ರೆ ಒಂದೇಟು ಹಾಕಿ... ಹೀಗೆ ಸುಮ್ನೆ ಇರ್ಬೇಡಿ...

ಹೂಂ. ನಾನೇ. ಆ ಚೀಲ ಕಿತ್ಕೊಂಡು ಓಡಿದ್ದು ನಾನೇ. ಮಾರನೇ ದಿನ ಅವರೇ ಕೂಗಿದ್ರು, 'ಜೆರಾಕ್ಸ್, ಬಾರೋ' ಅಂತ... ಹೋಗದೆ ಇದ್ರೆ ಅನುಮಾನ ಬರತ್ತಲ್ಲ!

ಅಯ್ಯೋ, ತೋಳು ಬಿಡಿ... ಇಲ್ಲ, ಬೇಡ, ಬಿಡ್ಬೇಡಿ! ಹಿಡ್ಕೊಂಡೇ ಸ್ಟೇಷನ್‌ಗೆ ಬನ್ನಿ. ನೀವು ಬಿಟ್ರೆ ನಾನು ಈ ರಸ್ತೆ ದಾಟಲ್ಲ, ನನಗೇ ಗೊತ್ತು.