ಅಳಿಯನ ರೈಫಲ್ಲಿಗೆ ಹೊಸ ನಳಿಗೆ

ಬರ್ ದುಬೈಯಲ್ಲಿ ಅಬ್ರಾ ದೋಣಿಗೆ ಕಾಯುತ್ತಿದ್ದಾಗ, ನನ್ನ ಮುಂದೆ ನಿಂತವರ ಕನ್ನಡದಲ್ಲಿ ‘ರೈಫಲ್’ ಎಂಬ ಮಾತು ಕೇಳಿ ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನೋಡಿದರೆ ಫೋನ್ ಹಿಡಿದ ಯುವಕ, ಪಕ್ಕದಲ್ಲಿ ನೂಲಿನ ಸೀರೆಯುಟ್ಟ ಹಿರಿಯ ಹೆಂಗಸು.

“ಈ ದಪ್ಪ ನಳಿಗೆ ನೋಡಿ ಅತ್ತೆ. ಮುನ್ನೂರು ಮೀಟರಿಗೂ ಗುಂಡು ಆಚೀಚೆ ಹೋಗುದಿಲ್ಲ.”

“ಹೋದ ವಾರ ಶೂಟಿಂಗ್ ಕ್ಲಬ್ಬಿನಲ್ಲಿ ನಾನು ಹೊಡೆದದ್ದು ಬಾಡಿಗೆ ರೈಫಲ್ ಅಲ್ವಾ ಸುಮಿತ್? ಹತ್ತರಲ್ಲಿ ಒಂಬತ್ತು ತಾಗಿತು.”

“ನೀವು ಊರಿನ ಗದ್ದೆಯಲ್ಲಿ ಕೋವಿ ಹಿಡಿದು ಹಂದಿ ಓಡಿಸಿದವರು, ಬಿಡಿ. ನನಗೆ ಶನಿವಾರ ಸೆಲೆಕ್ಷನ್. ಟೀಮಿನಲ್ಲಿ ಒಂದೇ ಜಾಗ ಉಳಿದಿರುದು. ಗುರಿ ನೋಡುವ ದುರ್ಬೀನಾದ್ರೂ ಹೊಸತು ಬೇಡ್ವಾ?”

“ಕಣ್ಣು ಮುಚ್ಚಿ ಟ್ರಿಗರ್ ಒತ್ತುವವನಿಗೆ ದುರ್ಬೀನು ಎಂತಕ್ಕೆ ಮಾರಾಯ?”

“ಯಾರು ಹೇಳಿದ್ದು?”

“ನಿನ್ನ ಹೆಂಡತಿಯೇ ವಿಡಿಯೋ ಮಾಡಿದ್ದಾಳೆ. ಶಬ್ದ ಬರುವ ಮೊದಲೇ ಎರಡೂ ಕಣ್ಣು ಬಂದ್.”

“ಡಿಲೀಟ್ ಮಾಡ್ಲಿಕ್ಕೆ ಹೇಳಿ.”

“ಫ್ಯಾಮಿಲಿ ಗ್ರೂಪಿಗೆ ಹೋಗಿ ಆಯ್ತು. ಖಲಾಸ್.”

ಯುವಕ ಫೋನನ್ನು ಜೇಬಿಗೆ ಹಾಕಿದ.

“ಹಾಗಾದ್ರೆ ಕಣ್ಣು ಮುಚ್ಚದ ಹಾಗೆ ಎಂತ ಮಾಡುದು ಅತ್ತೆ?”

“ಹಂದಿ ಎದುರಿಗೇ ಬರ್ತಾ ಉಂಟು ಅಂತ ಎಣಿಸು.”

“ನಾನು ಅಬುಧಾಬಿಯಲ್ಲಿ ಹುಟ್ಟಿದವ. ಹಂದಿ ಎಲ್ಲಿ ನೋಡಿದ್ದೇನೆ?”

“ಹಾಗಾದ್ರೆ ನಾನು ಬರ್ತಿದ್ದೇನೆ ಅಂತ ಎಣಿಸು.”

“ಆಗ ಕೈ ನಡುಗ್ತದೆ.”

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಅಷ್ಟರಲ್ಲಿ ದೋಣಿ ಬಂತು.

“ಎಂಜಿನ್ ಸ್ಟಾರ್ಟ್ ಆಗುವಾಗ ಕಣ್ಣು ಬಿಟ್ಟುಕೊಂಡೇ ಇರು, ನೋಡುವ. ಅದಾದ ಮೇಲೆ ನಳಿಗೆಯ ಮಾತು,” ಎನ್ನುತ್ತಾ ಅವರು ಹತ್ತಿದರು. ಅವನೂ ಹತ್ತಿ, ಕಣ್ಣರಳಿಸಿ ಕುಳಿತ. ನನಗೆ ಜಾಗ ಸಿಗಲಿಲ್ಲ. ಎಂಜಿನ್ ಢಬ್ ಎಂದು ಸಿಡಿದು ದೋಣಿ ಹೊರಟಿತು. ಅವನು ಗೆದ್ದನೋ ಇಲ್ಲವೋ ಹೇಳಲಾರೆ. ಆ ಸದ್ದಿಗೆ ನಾನೇ ಕಣ್ಣು ಮುಚ್ಚಿಕೊಂಡಿದ್ದೆ.